ಬೆಣ್ಣೆ ಹಣ್ಣಿನ ಬೀಜ ಎಸೆಯಬೇಡಿ, ಹಿತ್ತಲಿಗೆ ತನ್ನಿ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ನಮ್ಮ ಹಿತ್ತಲಿಗೆ ಬನ್ನಿ. ಕೊಡಗಿನಲ್ಲಿ ಮಳೆಗಾಲ ಅಂದರೆ ಬಟರ್ ಫ್ರೂಟ್ ಕಾಲ. ಕಾಫಿ ತೋಟದ ಮಧ್ಯೆ ನಿಂತಿರುವ ಮರಗಳಿಂದ ಚೀಲಗಟ್ಟಲೆ ಹಣ್ಣು ಇಳಿಯುತ್ತದೆ, ಮನೆಯಲ್ಲಿ ದಿನಾ ಜ್ಯೂಸ್. ಕೊನೆಗೆ ಉಳಿಯುವುದು ಈ ದಪ್ಪ ಬೀಜ. ಇವತ್ತಿನ ವಿಡಿಯೋ ಇದರದ್ದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೀಜದಿಂದ ಗಿಡ ಎಬ್ಬಿಸುವುದು ಸುಲಭ. ಆ ಗಿಡದಲ್ಲಿ ಒಳ್ಳೆ ಹಣ್ಣು ಸಿಗುವುದು ಮಾತ್ರ ಅದೃಷ್ಟ. ನೀವು ತಿಂದ ಹಣ್ಣಿನ ರುಚಿಯೇ ಅದರ ಬೀಜದಿಂದ ಎದ್ದ ಮರದಲ್ಲೂ ಬರುತ್ತದೆ ಅಂತ ಹೇಳಲಾಗದು. ಫಸಲಿಗೂ ಐದು ವರ್ಷ, ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಕಾಯಬೇಕು.

ಸರಿ, ಬೀಜ ತೊಳೆಯೋಣ. ತಿರುಳು ಚೂರೂ ಉಳಿಯಬಾರದು, ಉಳಿದರೆ ಬೂಸ್ಟು ಹಿಡಿಯುತ್ತದೆ, ಇರುವೆಯೂ ಬರುತ್ತದೆ. ಅವರೆ, ಹುರುಳಿ ಬೀಜದ ಹಾಗೆ ಒಣಗಿಸಿ ಡಬ್ಬದಲ್ಲಿ ಇಡಬೇಡಿ. ಇದು ಒಣಗಿದರೆ ಸತ್ತೇ ಹೋಗುತ್ತದೆ. ಇವತ್ತು ತಿಂದರೆ ಇವತ್ತೋ ನಾಳೆಯೋ ಹಾಕಿಬಿಡಿ.

ಟೂತ್‌ಪಿಕ್ ಚುಚ್ಚಿ ನೀರಿನ ಲೋಟದ ಮೇಲೆ ಕೂರಿಸುವುದನ್ನು ಎಲ್ಲರೂ ತೋರಿಸುತ್ತಾರೆ ಅಲ್ವಾ? ಮನೆಯಲ್ಲಿ ಮಕ್ಕಳಿದ್ದರೆ ಮಾಡಿ, ಬೇರು ಇಳಿಯುವುದನ್ನು ನೋಡೋಕೆ ಖುಷಿ. ಇಲ್ಲದಿದ್ದರೆ ಸುಮ್ನೆ ಎರಡು ಕೆಲಸ. ನೀರಿಗೆ ಒಗ್ಗಿದ ಬೇರು ಮತ್ತೆ ಮಣ್ಣಿಗೆ ಒಗ್ಗಬೇಕು. ನಾನು ನೇರವಾಗಿ ಮಣ್ಣಿಗೇ ಹಾಕುತ್ತೇನೆ. ಕಾಫಿ ಗಿಡ ಎಬ್ಬಿಸುವ ಕಪ್ಪು ಕವರ್ ಇದೆಯಲ್ಲ, ಅದರಲ್ಲೇ ಸ್ವಲ್ಪ ಉದ್ದದ್ದು ಸಾಕು. ಕಾಡುಮಣ್ಣು, ಮರಳು, ಹಳೆ ಸಗಣಿ ಗೊಬ್ಬರ. ಬೀಜದ ಚಪ್ಪಟೆ ಕಡೆ ಕೆಳಗೆ, ಮೊನೆ ಮೇಲೆ. ಮೊನೆ ಸ್ವಲ್ಪ ಹೊರಗೆ ಕಾಣುತ್ತಿರಲಿ.

ಈಗ ಹತ್ತಿರದಿಂದ ನೋಡಿ. ಕಂದು ಸಿಪ್ಪೆ ಸುಲಿದು, ಬೀಜ ಮೇಲಿಂದ ಕೆಳಗೆ ಸೀಳಿದೆ. ಮೊದಲು ಬೇರು ಕೆಳಗೆ ಹೋಗಿದೆ, ಆಮೇಲೆ ಎರಡು ಹೋಳಿನ ಸಂದಿಯಿಂದ ಕುಡಿ ಎದ್ದಿದೆ. ಇದಕ್ಕೆ ಒಂದು ತಿಂಗಳು ಹಿಡಿದರೂ ಗಾಬರಿ ಬೇಡ. ಬೀಜ ಗಟ್ಟಿಯಾಗಿದ್ದರೆ ಜೀವ ಇದೆ ಅಂತಲೇ ಲೆಕ್ಕ. ಮತ್ತೆ ಈ ಎಳೆ ಎಲೆಗಳು. ತಾಮ್ರದ ಬಣ್ಣ, ಜೋತು ಬಿದ್ದಿವೆ. ಬಾಡಿದೆ ಅಂದುಕೊಂಡು ತುಂಬಾ ಜನ ನೀರು ಸುರಿಯುತ್ತಾರೆ. ಬಾಡಿಲ್ಲ ಮಾರಾಯ್ರೇ, ಎಳೆಯದರಲ್ಲಿ ಅದು ಇರುವುದೇ ಹಾಗೆ!

ಈ ಗಿಡ ಸಾಯುವುದು ಬಾಯಾರಿಕೆಗಿಂತ ಜಾಸ್ತಿ ನೀರು ನಿಂತು. ಅಡಿಕೆಗೆ ಕೊಳೆ ರೋಗ, ಕಾಳುಮೆಣಸಿಗೆ ಶೀಘ್ರ ಸೊರಗು ರೋಗ ತರುತ್ತದಲ್ಲ, ಆ ಫೈಟಾಫ್ತೊರ ಅನ್ನುವ ರೋಗಾಣುವಿನ ಕುಲದ್ದೇ ಇನ್ನೊಂದು ಇದರ ಬೇರನ್ನು ಕೊಳೆಸುತ್ತದೆ. ನಮ್ಮ ಜುಲೈ ಮಳೆಗೆ ಕೇಳಬೇಕಾ? ಹಾಗಾಗಿ ನೆಲಕ್ಕೆ ಇಡುವಾಗ ಗುಂಡಿಗಿಂತ ದಿಬ್ಬ ಮುಖ್ಯ. ಮಣ್ಣು ಏರಿಸಿ, ಅದರ ಮೇಲೆ ಗಿಡ ಇಡಿ. ಬೇರು ಮೇಲ್ಮಟ್ಟದಲ್ಲೇ ಹರಡುತ್ತದೆ, ಬುಡದ ಹತ್ತಿರ ಗುದ್ದಲಿ ಹಾಕಬೇಡಿ. ದರಗು ಹೊದಿಸಿ, ಆದರೆ ಕಾಂಡಕ್ಕೆ ತಾಗದ ಹಾಗೆ. ಎಳೆ ಗಿಡಕ್ಕೆ ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಸ್ವಲ್ಪ ನೆರಳು ಕಟ್ಟಿ. ಇನ್ನೊಂದು, ಇದು ದೊಡ್ಡ ಮರ. ಕಾಂಪೌಂಡ್ ಗೋಡೆ ಪಕ್ಕ, ಸಂಪ್ ಪಕ್ಕ ಬೇಡ.

ಹೂವಿನ ವಿಷಯ ಮಜವಾಗಿದೆ. ಒಂದೊಂದು ಹೂವೂ ಎರಡು ಸಲ ಅರಳುತ್ತದೆ. ಮೊದಲ ಸಲ ಹೆಣ್ಣು, ಮಾರನೇ ದಿನ ಗಂಡು. ಕೆಲವು ಮರಗಳಲ್ಲಿ ಬೆಳಿಗ್ಗೆ ಹೆಣ್ಣು ಹೂವಿದ್ದರೆ, ಇನ್ನು ಕೆಲವು ಮರಗಳಲ್ಲಿ ಅದೇ ಹೊತ್ತಿಗೆ ಗಂಡು. ಎರಡೂ ಬಗೆ ಹತ್ತಿರದಲ್ಲಿದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಕೊಡಗಿನಲ್ಲಿ ಅಕ್ಕಪಕ್ಕದ ತೋಟದ ಮರ ಸಾಕು. ಬೆಂಗಳೂರಿನ ಸೈಟಲ್ಲಿ ಒಂದೇ ಮರ ಇಟ್ಟವರಿಗೆ ಕಾಯಿ ಕಡಿಮೆ ಆಗಬಹುದು.

ಹಾಗಾದರೆ ಹಣ್ಣು ಬೇಗ ಬೇಕು ಅನ್ನುವವರು? ಕಸಿ. ಬೀಜದ ಗಿಡ ಪೆನ್ಸಿಲ್ ದಪ್ಪ ಆದಾಗ, ರುಚಿ ಗೊತ್ತಿರುವ ಮರದ ಕುಡಿ ತಂದು ಕಟ್ಟುವುದು. ಚೆನ್ನಾಗಿ ನೋಡಿಕೊಂಡರೆ ಮೂರು ನಾಲ್ಕು ವರ್ಷಕ್ಕೆ ಕಾಯಿ. ನಮ್ಮ ಪಕ್ಕದ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ‘ಅರ್ಕಾ ಸುಪ್ರೀಂ’ ತಳಿ ಇದೆ, ಅದರ ಕುಡಿ ಸಿಕ್ಕರೆ ಇನ್ನೂ ಒಳ್ಳೆಯದು.

ಆದರೂ ಒಂದು ಗಿಡವನ್ನು ಕಸಿ ಮಾಡದೆ ಬಿಡುತ್ತಿದ್ದೇನೆ. ಇದಕ್ಕೆ ಕಾರಣ ಕ್ಯಾಲಿಫೋರ್ನಿಯಾದ ಒಬ್ಬ ಪೋಸ್ಟ್‌ಮ್ಯಾನ್. ರುಡಾಲ್ಫ್ ಹಾಸ್ ಅಂತ. 1920ರ ದಶಕದಲ್ಲಿ ಬೀಜ ಹಾಕಿ, ಗಿಡಗಳಿಗೆ ಆಗಿನ ಒಳ್ಳೆ ತಳಿಯ ಕಸಿ ಕಟ್ಟಿಸಿದರು. ಒಂದು ಗಿಡಕ್ಕೆ ಮಾತ್ರ ಎಷ್ಟು ಸಲ ಕಟ್ಟಿದರೂ ಕಸಿ ಹತ್ತಲಿಲ್ಲ. ಹೋಗಲಿ ಅಂತ ಬಿಟ್ಟರು. ಅದರ ಹಣ್ಣೇ ಮನೆ ಮಕ್ಕಳಿಗೆ ಜಾಸ್ತಿ ಇಷ್ಟವಾಯಿತು. 1935ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಸೂಪರ್ ಮಾರ್ಕೆಟ್ಟಲ್ಲಿ ಕಾಣುವ, ಕಪ್ಪಗೆ ಹಣ್ಣಾಗುವ ತರಿತರಿ ಸಿಪ್ಪೆಯ ‘ಹಾಸ್’ ಇದೇ. ಆ ತಾಯಿ ಮರ 2002ರವರೆಗೂ ಇತ್ತು.

ನನ್ನ ಗಿಡದಲ್ಲಿ ನಾರಿನ ಹಣ್ಣು ಬಂದರೂ ಬರಬಹುದು. ಬರಲಿ, ಮಂಗಗಳಿಗಾಯಿತು. ಉಳಿದ ಗಿಡಗಳಿಗೆ ಕುಡಿ ತಂದಿಟ್ಟಿದ್ದೇನೆ. ಬ್ಲೇಡ್ ಹಿಡಿಯುವುದು, ಸೀಳುವುದು, ಟೇಪ್ ಸುತ್ತುವುದು ಎಲ್ಲವನ್ನೂ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.