ಹಾವು ಹಗ್ಗ ಹತ್ತಿದರೆ ಹತ್ತಲಿ

ಎಲ್ಲರಿಗೂ ನಮಸ್ಕಾರ. ಲಘು ರೋಚಕ ಕಾದಂಬರಿಗಳಲ್ಲಿ ಬರುವ ನಂಬಲಾಗದ ಕಥೆ, ನಂಬಲಾಗದ ಪಾತ್ರಗಳ ಬಗ್ಗೆ ಮಾತಾಡಿ ಅಂದಿದ್ದಾರೆ. ಇಂಥ ಪುಸ್ತಕಗಳನ್ನು ನಾನು ಎರಡು ಥರ ಓದುತ್ತೇನೆ. ನಿದ್ದೆ ಬಾರದ ರಾತ್ರಿ ಸುಮ್ಮನೆ ಓದುವುದು ಒಂದು. ಹೊಸಬರು ಕಳಿಸಿದ ಹಸ್ತಪ್ರತಿಯನ್ನು ಪೆನ್ಸಿಲ್ ಹಿಡಿದು ಓದುವುದು ಇನ್ನೊಂದು. ರಾತ್ರಿ ಓದುವಾಗ ಏನು ಹೇಳಿದರೂ ನಂಬುತ್ತೇನೆ. ಪೆನ್ಸಿಲ್ ಕೈಗೆ ಬಂದರೆ ನಾಯಿ ಬೊಗಳಿತು ಅಂದರೂ ಅನುಮಾನ. ಈ ಇಬ್ಬರು ಓದುಗರಿಗೂ ನನ್ನೊಳಗೆ ಬಹಳ ವರ್ಷದಿಂದ ಜಗಳವಿದೆ. ಇವತ್ತು ಆ ಜಗಳವನ್ನು ನಿಮ್ಮ ಮುಂದಿಡುತ್ತೇನೆ.

ಒಂದು ಹಾವಿನಿಂದ ಶುರುಮಾಡೋಣ. ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ಪ್ರಕಟಿಸಿದ ‘ದಿ ಸ್ಪೆಕಲ್ಡ್ ಬ್ಯಾಂಡ್’ ಅನ್ನುವ ಷರ್ಲಾಕ್ ಹೋಮ್ಸ್ ಕಥೆ ನಿಮ್ಮಲ್ಲಿ ಬಹಳಷ್ಟು ಜನ ಓದಿರುತ್ತೀರಿ. ಓದದವರು ಕಿವಿ ಮುಚ್ಚಿಕೊಳ್ಳಿ, ಗುಟ್ಟು ಒಡೆಯುತ್ತಿದ್ದೇನೆ. ಮಲತಂದೆಯೊಬ್ಬ ವಿಷದ ಹಾವೊಂದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಹಾಲು ಕುಡಿಸಿ ಸಾಕಿರುತ್ತಾನೆ. ರಾತ್ರಿ ಅದನ್ನು ಗೋಡೆಯ ಗಾಳಿಕಿಂಡಿಯಿಂದ ಪಕ್ಕದ ಕೋಣೆಗೆ ಬಿಡುತ್ತಾನೆ. ಅಲ್ಲಿ ಗಂಟೆ ಬಾರಿಸಲು ಅಂತ ಇಳಿಬಿಟ್ಟ ಹಗ್ಗ ಹಿಡಿದು ಹಾವು ಮಲಮಗಳ ಹಾಸಿಗೆಗೆ ಇಳಿಯುತ್ತದೆ. ಕೆಲಸ ಆಗಲಿ ಆಗದಿರಲಿ, ಅವನು ಮೆಲ್ಲಗೆ ಶಿಳ್ಳೆ ಹಾಕಿದರೆ ಅದೇ ಹಗ್ಗ ಹತ್ತಿ ವಾಪಸ್ ಬರುತ್ತದೆ.

ಹಾವು ಹಾಲಿನ ಆಸೆಗೆ ಪಳಗುವ ಪ್ರಾಣಿಯಲ್ಲ. ಅದಕ್ಕೆ ಹೊರಗಿವಿ ಇಲ್ಲ, ಮೆಲುವಾದ ಶಿಳ್ಳೆ ಕೇಳಿ ಓಡಿ ಬರಲು ಅದೇನು ನಾಯಿಮರಿಯೇ? ಕಥೆಯಲ್ಲಿ ಕೊಟ್ಟಿರುವ ಹೆಸರಿನ ಹಾವು ಭೂಮಿಯ ಮೇಲೆಲ್ಲೂ ಇಲ್ಲ. ಕಚ್ಚಿದ ಹತ್ತು ಸೆಕೆಂಡಿನಲ್ಲಿ ಮನುಷ್ಯ ಸತ್ತ ಅಂತ ಬರುತ್ತದೆ, ಯಾವ ಹಾವಿನ ವಿಷಕ್ಕೂ ಅಷ್ಟು ಅವಸರವಿಲ್ಲ. ಇಷ್ಟೆಲ್ಲ ತಪ್ಪಿರುವ ಈ ಕಥೆಯನ್ನೇ ಡಾಯ್ಲ್ 1927ರಲ್ಲಿ ತನ್ನ ಹೋಮ್ಸ್ ಕಥೆಗಳಲ್ಲಿ ಅತ್ಯುತ್ತಮವಾದವುಗಳ ಪಟ್ಟಿ ಮಾಡುವಾಗ ಮೊದಲ ಸ್ಥಾನದಲ್ಲಿಟ್ಟ. ಓದುಗರೂ ಇವತ್ತಿನವರೆಗೆ ಅದನ್ನು ಬಿಟ್ಟಿಲ್ಲ.

ಯಾಕೆ ಬಿಟ್ಟಿಲ್ಲ? ಆ ಕಥೆಯ ಮಧ್ಯದಲ್ಲಿ ಒಂದು ಪುಟ್ಟ ಲೆಕ್ಕ ಇದೆ. ಹೋಮ್ಸ್ ಆ ಹುಡುಗಿಯ ತಾಯಿಯ ಉಯಿಲು ನೋಡಿಕೊಂಡು ಬರುತ್ತಾನೆ. ಆಸ್ತಿಯ ವರ್ಷದ ಆದಾಯ ಈಗ ಹೆಚ್ಚೆಂದರೆ 750 ಪೌಂಡ್. ಮದುವೆಯಾದ ಪ್ರತಿ ಮಗಳಿಗೆ ಅದರಲ್ಲಿ 250 ಪೌಂಡ್ ಹೋಗಬೇಕು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋದರೆ ಮಲತಂದೆಯ ಪಾಲಿಗೆ ಉಳಿಯುವುದು 250. ಮುಗಿಯಿತು. ಆ ಮನುಷ್ಯ ಯಾಕೆ ಕೊಲ್ಲುತ್ತಾನೆ, ಮದುವೆ ನಿಶ್ಚಯವಾದ ಮೇಲೆಯೇ ಯಾಕೆ ಕೊಲ್ಲುತ್ತಾನೆ ಅನ್ನುವುದಕ್ಕೆ ಆ ಮೂರು ಅಂಕಿ ಸಾಕು. ಹಾವು ಸುಳ್ಳು, ದುರಾಸೆ ಮಾತ್ರ ಪೈಸೆಪೈಸೆಗೂ ನಿಜ. ದುರಾಸೆ ನಿಜವಾದ ಕಡೆ ಹಾವು ಹಗ್ಗ ಹತ್ತಿದರೆ ಹತ್ತಲಿ ಬಿಡಿ, ನಾವು ತಕರಾರು ಮಾಡುವುದಿಲ್ಲ.

ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಘಟನೆ ಅಸಂಭವವಾದರೆ ಓದುಗ ಹೊಟ್ಟೆಗೆ ಹಾಕಿಕೊಳ್ಳುತ್ತಾನೆ. ಮನುಷ್ಯ ಅಸಂಭವವಾದರೆ ಪುಸ್ತಕ ಮುಚ್ಚಿಡುತ್ತಾನೆ. ಒಂಬತ್ತನೇ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ‘ಅನೌಚಿತ್ಯಾದೃತೇ ನಾನ್ಯದ್ ರಸಭಂಗಸ್ಯ ಕಾರಣಮ್’ ಅಂದ. ರಸ ಕೆಡುವುದಕ್ಕೆ ಅನೌಚಿತ್ಯ ಬಿಟ್ಟು ಬೇರೆ ಕಾರಣವಿಲ್ಲ ಅಂತ. ಅವನು ‘ಅಸಂಭವ’ ಅನ್ನಲಿಲ್ಲ, ಗಮನಿಸಿ. ಹಾರುವ ಕುದುರೆಗೆ ಅವನ ಅಡ್ಡಿ ಇರಲಿಲ್ಲ. ಈ ಪಾತ್ರ ಈ ಹೊತ್ತಿನಲ್ಲಿ ಮಾಡತಕ್ಕದ್ದಲ್ಲದ್ದನ್ನು ಮಾಡಿತೇ ಅನ್ನುವುದೇ ಅವನ ಪ್ರಶ್ನೆ. ಕೊಲೆ ಕಥೆಗೂ ನಾನು ಅದೇ ಪ್ರಶ್ನೆಯನ್ನು ಹಚ್ಚುತ್ತೇನೆ.

ಘಟನೆಯ ತಪ್ಪುಗಳನ್ನು ಬೇಗ ಮುಗಿಸಿಬಿಡುತ್ತೇನೆ, ಯಾಕೆಂದರೆ ಅವು ಒಂದು ಮಧ್ಯಾಹ್ನದ ಓದಿನಿಂದ ಸರಿಹೋಗುವಂಥವು. ಕ್ಲೋರೋಫಾರ್ಮ್ ಹಾಕಿದ ಕರವಸ್ತ್ರ ಮೂಗಿಗೆ ಹಿಡಿದ ತಕ್ಷಣ ಯಾರೂ ಕುಸಿಯುವುದಿಲ್ಲ, ನಿಮಿಷಗಟ್ಟಲೆ ಹಿಡಿದಿರಬೇಕು. ತಲೆಗೆ ಏಟು ಬಿದ್ದು ಅರ್ಧ ಗಂಟೆ ಪ್ರಜ್ಞೆ ತಪ್ಪಿದವನು ಎದ್ದು ಕಾಲರ್ ಸರಿಮಾಡಿಕೊಂಡು ಖಳನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಆಸ್ಪತ್ರೆ ಸೇರುತ್ತಾನೆ. ಸೈಲೆನ್ಸರ್ ಹಾಕಿದ ಪಿಸ್ತೂಲು ‘ಫುಸ್’ ಅನ್ನುವುದಿಲ್ಲ. ಗುಂಡಿನ ಸದ್ದು 150 ಡೆಸಿಬಲ್ ದಾಟುತ್ತದೆ, ಸೈಲೆನ್ಸರ್ ಕಳೆಯುವುದು ಸುಮಾರು ಮೂವತ್ತು. ಉಳಿದದ್ದು ಪಕ್ಕದ ಕೋಣೆಯವರನ್ನು ಎಬ್ಬಿಸಲು ಧಾರಾಳವಾಗಿ ಸಾಕು. ಒಂದು ಏಟಿಗೆ ಹೋದ ನೆನಪು ಇನ್ನೊಂದು ಏಟಿಗೆ ಬರುತ್ತದೆ ಅನ್ನುವುದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ನಗು ಬರುತ್ತದೆ.

ಆಕಸ್ಮಿಕದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕಾಕತಾಳೀಯ ಅಂತೀವಲ್ಲ, ಕಾಗೆ ಬಂದು ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು ಅಂತ. ಮೊದಲ ಅಧ್ಯಾಯದಲ್ಲಿ ಆ ಹಣ್ಣು ನಾಯಕನ ತಲೆಯ ಮೇಲೆ ಬೀಳಲಿ, ಕಥೆ ಶುರುವಾಗುತ್ತದೆ. ಕೊನೆಯ ಅಧ್ಯಾಯದಲ್ಲಿ ಅದೇ ಹಣ್ಣು ಖಳನ ತಲೆಯ ಮೇಲೆ ಬಿದ್ದರೆ ಓದುಗನಿಗೆ ಮೋಸವಾಯಿತು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದ. ಆಕಸ್ಮಿಕವು ಪತ್ತೇದಾರನ ನೆರವಿಗೆ ಬರಕೂಡದು, ಗುಪ್ತದಾರಿ ಒಂದಕ್ಕಿಂತ ಹೆಚ್ಚು ಇರಕೂಡದು, ಯಾರಿಗೂ ಗೊತ್ತಿಲ್ಲದ ವಿಷ ಬಳಸಕೂಡದು, ಮೊದಲೇ ಸುಳಿವು ಕೊಡದೆ ಅವಳಿ ಸಹೋದರನನ್ನು ತರಕೂಡದು. ಒಂದು ಗುಪ್ತದಾರಿಗೆ ರಿಯಾಯಿತಿ ಕೊಟ್ಟಿದ್ದಾನೆ ನೋಡಿ, ಅದು ನನಗೆ ಬಹಳ ಇಷ್ಟ. ಪಾದ್ರಿಗೂ ಓದುವ ಆಸೆ ಇತ್ತು.

ಆದರೆ ನಾಕ್ಸ್‌ನ ಕಟ್ಟಳೆಗಳನ್ನೆಲ್ಲ ಪಾಲಿಸಿಯೂ ಪುಸ್ತಕ ಹಾಳು ಮಾಡಬಹುದು. ಹೇಗೆ ಅಂತ ಒಂದು ದೃಶ್ಯ ಹೇಳುತ್ತೇನೆ. ನನ್ನ ಕೈಗೆ ಬಂದ ಹಸ್ತಪ್ರತಿಗಳಲ್ಲಿ ಇದು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ರಾತ್ರಿ ಹನ್ನೊಂದಕ್ಕೆ ಪತ್ತೇದಾರನಿಗೆ ಫೋನು. ‘ಸಾರ್, ಕೊಲೆ ಮಾಡಿದ್ದು ಯಾರು ಅಂತ ನನಗೆ ಗೊತ್ತು.’ ‘ಯಾರ್ರೀ?’ ‘ಫೋನಿನಲ್ಲಿ ಹೇಳೋದಕ್ಕಾಗಲ್ಲ. ನಾಳೆ ಬೆಳಗ್ಗೆ ಬನ್ನಿ.’ ಬೆಳಗ್ಗೆ ಹೋದರೆ ಹೆಣ.

ಯಾಕಪ್ಪಾ ಹೇಳಲಿಲ್ಲ? ಹೆಸರು ಮೂರಕ್ಷರ. ಹೇಳಿದ್ದರೆ ಜೀವ ಉಳಿಯುತ್ತಿತ್ತು. ಆದರೆ ಹೇಳಿಬಿಟ್ಟರೆ ಪುಸ್ತಕ ಎಂಬತ್ತನೇ ಪುಟಕ್ಕೆ ಮುಗಿಯುತ್ತದೆ, ಲೇಖಕನಿಗೆ ಇನ್ನೂ ನೂರಿಪ್ಪತ್ತು ಪುಟ ಬೇಕು. ಸಾಲ ಮಾಡಿದ್ದು ಲೇಖಕ, ಜೀವ ಕೊಟ್ಟು ತೀರಿಸಿದ್ದು ಈ ಬಡಪಾಯಿ. ಈಗ ಒಂದೇ ಒಂದು ಸಾಲು ಬದಲಿಸಿ: ‘ಹೆಸರು ಹೇಳ್ತೀನಿ, ಮೊದಲು ದುಡ್ಡಿನ ಮಾತಾಡಿ.’ ಅವನೂ ಹೇಳಲಿಲ್ಲ, ಅವನೂ ಸತ್ತ. ಈ ಸಲ ಅವನು ಸತ್ತದ್ದು ತನ್ನ ಆಸೆಯಿಂದ. ಪ್ರಾಯಶಃ ಆ ರಾತ್ರಿ ಕೊಲೆಗಾರನಿಗೂ ಫೋನು ಮಾಡಿ ಅದೇ ಮಾತು ಕೇಳಿರಬೇಕು ಅಂತ ಓದುಗನೇ ಊಹಿಸುತ್ತಾನೆ. ಲೇಖಕ ಬರೆಯದ ದೃಶ್ಯ ತಾನಾಗಿ ಹುಟ್ಟಿತು.

ಪಿಸ್ತೂಲು ಹಿಡಿದು ನಿಂತು ತನ್ನ ಸಂಚನ್ನೆಲ್ಲ ವಿವರಿಸುವ ಖಳನಾಯಕನ ಕಾಯಿಲೆಯೂ ಇದೇ. ಹೊಗಳಿಸಿಕೊಳ್ಳದೆ ಬದುಕಲಾರದವನು ಅಂತ ಮೂರನೇ ಅಧ್ಯಾಯದಲ್ಲೇ ನಮಗೆ ತೋರಿಸಿದ್ದರೆ ಕೊನೆಯ ಭಾಷಣವನ್ನು ಆನಂದದಿಂದ ಕೇಳುತ್ತೇವೆ. ಮೂರನೇ ಅಧ್ಯಾಯದಲ್ಲಿ ತುಟಿ ಬಿಚ್ಚದವನು ಕೊನೆಯಲ್ಲಿ ನಾಲ್ಕು ಪುಟ ಮಾತಾಡಿದರೆ, ಮಾತಾಡುತ್ತಿರುವುದು ಲೇಖಕನೇ.

ಇನ್ನು ದೊಡ್ಡವರೂ ಜಾರಿದ್ದಾರೆ. ಅಮೆರಿಕದ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ 1944ರಲ್ಲಿ ಬರೆದ ಒಂದು ಲೇಖನದಲ್ಲಿ ಎ.ಎ. ಮಿಲ್ನ್‌ನ 1922ರ ಪತ್ತೇದಾರಿ ಕಾದಂಬರಿಯೊಂದನ್ನು ಎಳೆಎಳೆಯಾಗಿ ಬಿಡಿಸಿ, ಇಲ್ಲಿ ನಡೆದದ್ದು ಯಾವುದೂ ನಡೆಯಲು ಸಾಧ್ಯವಿಲ್ಲ ಅಂತ ತೋರಿಸಿದ. ಓದಲು ಬಲು ಮಜಾ. ಅದೇ ಚಾಂಡ್ಲರ್‌ನ 1939ರ ‘ದಿ ಬಿಗ್ ಸ್ಲೀಪ್’ ಕಾದಂಬರಿಯನ್ನು ಸಿನಿಮಾ ಮಾಡುವಾಗ, ಅದರಲ್ಲಿ ಸಾಯುವ ಕಾರು ಚಾಲಕನದು ಕೊಲೆಯೋ ಆತ್ಮಹತ್ಯೆಯೋ ಅಂತ ಚಿತ್ರತಂಡದಲ್ಲಿ ವಾದ ಎದ್ದಿತು. ಲೇಖಕನಿಗೇ ತಂತಿ ಕಳಿಸಿದರು. ತನಗೂ ಗೊತ್ತಿರಲಿಲ್ಲ ಅಂತ ಅವನೇ ಆಮೇಲೆ ಪತ್ರವೊಂದರಲ್ಲಿ ಬರೆದುಕೊಂಡಿದ್ದಾನೆ. ನಾನು ಆ ಪುಸ್ತಕವನ್ನು ಎರಡು ಸಲ ಓದಿದಾಗಲೂ ಚಾಲಕನನ್ನು ಮರೆತೇಬಿಟ್ಟಿದ್ದೆ. ಅದರ ಪತ್ತೇದಾರ ಫಿಲಿಪ್ ಮಾರ್ಲೋ ಮಾತಾಡುತ್ತಿರುವಾಗ ಹೆಣ ಎಣಿಸುವ ಪುರುಸೊತ್ತು ಯಾರಿಗಿರುತ್ತದೆ?

ಹೋದ ವರ್ಷ ಒಂದು ಹಸ್ತಪ್ರತಿ ಬಂತು. ಮಳೆಯ ರಾತ್ರಿ, ಗಂಡನ ಕೋಟಿನ ಜೇಬಿನಲ್ಲಿ ಸತ್ತ ಹೆಂಗಸಿನ ಬೀಗದ ಕೈ ಹೆಂಡತಿಗೆ ಸಿಗುತ್ತದೆ. ಚೆನ್ನಾಗಿತ್ತು. ಆಮೇಲೆ ಹನ್ನೆರಡು ಅಧ್ಯಾಯ ಅವಳು ಅದನ್ನು ಯಾರಿಗೂ ಹೇಳುವುದಿಲ್ಲ. ಪೊಲೀಸರು ಮನೆಗೇ ಬಂದು ಕೂತರೂ ಬಾಯಿ ಬಿಡುವುದಿಲ್ಲ. ಅಂಚಿನಲ್ಲಿ ‘ಇವಳು ಯಾಕೆ ಹೇಳಲಿಲ್ಲ?’ ಅಂತ ಪೆನ್ಸಿಲಿನಲ್ಲಿ ಬರೆದು ವಾಪಸ್ ಕಳಿಸಿದೆ. ಸಿಟ್ಟಿನ ಉತ್ತರ ಬಂತು: ‘ಹೇಳಿದರೆ ಕಥೆ ಎಲ್ಲಿರುತ್ತೆ?’

ಎರಡು ತಿಂಗಳ ಮೇಲೆ ಹೊಸ ಪ್ರತಿ ಬಂತು. ಎರಡನೇ ಅಧ್ಯಾಯದಲ್ಲಿ ಒಂದು ಪ್ಯಾರಾ ಸೇರಿತ್ತು. ಆ ಹೆಂಡತಿ ಹಿಂದೊಮ್ಮೆ ಸರ ಕಳುವಾಯಿತೆಂದು ಮನೆಗೆಲಸದವಳ ಮೇಲೆ ದೂರು ಕೊಟ್ಟಿದ್ದಳು. ಹುಡುಗಿ ಕೆಲಸ ಕಳೆದುಕೊಂಡ ಮೇಲೆ ಸರ ಬೀರುವಿನ ಹಿಂದೆ ಸಿಕ್ಕಿತು. ಸಿಕ್ಕಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಷ್ಟೇ, ಹನ್ನೆರಡು ಅಧ್ಯಾಯದ ಮೌನಕ್ಕೆ ಜೀವ ಬಂತು. ಬೀಗದ ಕೈ ಮುಟ್ಟಿದಾಗೆಲ್ಲ ಅವಳು ಬೀರುವಿನ ಕಡೆ ನೋಡುತ್ತಾಳೆ.

ಅಂದಹಾಗೆ ಆ ಕಾದಂಬರಿಯ ಕೊನೆಯಲ್ಲಿ ಗಂಡನಿಗೊಬ್ಬ ಅವಳಿ ಸಹೋದರ ಇದ್ದಾನೆ. ಗುಪ್ತದಾರಿಯೂ ಎರಡಿವೆ. ಪೆನ್ಸಿಲ್ ತಗೊಂಡೆ, ಇಟ್ಟುಬಿಟ್ಟೆ. ನಮಸ್ಕಾರ.