ಅಜ್ಜನನ್ನು ನಮಗೆ ಬೇಕಾದ ರೆಜಿಮೆಂಟಿಗೆ ಸೇರಿಸಬೇಡಿ

ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ಮನೆಗಳ ಗೋಡೆ ಮೇಲಿರುವ ಹಳೆಯ ಫೋಟೊಗಳ ಬಗ್ಗೆ ಮಾತಾಡೋಣ. ಕೊಡಗಿನ ಎಷ್ಟೋ ಮನೆಗಳಲ್ಲಿ ಸಮವಸ್ತ್ರ ತೊಟ್ಟ ಒಬ್ಬ ಅಜ್ಜನೋ ಮುತ್ತಜ್ಜನೋ ಚೌಕಟ್ಟಿನೊಳಗೆ ನಿಂತಿರುತ್ತಾರೆ. ಕೊಡವರ ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲಮನೆಗಳಲ್ಲಿ ಮಾತ್ರ ಅಲ್ಲ, ಅರೆಭಾಷೆ ಗೌಡರ ಮನೆಗಳಲ್ಲೂ ಇದ್ದಾರೆ, ಬೇರೆ ಸಮುದಾಯಗಳ ಮನೆಗಳಲ್ಲೂ ಇದ್ದಾರೆ. ಇವರು ಯಾವ ರೆಜಿಮೆಂಟು ಅಂತ ಕೇಳಿ ನೋಡಿ. ಹೆಚ್ಚಾಗಿ ಬರುವ ಉತ್ತರ ಎರಡೇ. ಒಂದು, "ಕೂರ್ಗ್ ರೆಜಿಮೆಂಟು." ಇನ್ನೊಂದು, "ಕಾರ್ಯಪ್ಪನವರ ಜೊತೆಗಿದ್ದರಂತೆ."

ಈ ಉತ್ತರಗಳ ಬಗ್ಗೆ ನನಗೆ ತಕರಾರಿದೆ. ಹೇಳುವವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಪ್ರೀತಿಯಲ್ಲಿ ನಿಜವಾದ ಅಜ್ಜ ಕಳೆದುಹೋಗುತ್ತಾರೆ.

ಮೊದಲು ಕೂರ್ಗ್ ಹೆಸರಿನ ಕಥೆ. ಹಳೆಯ ಮದ್ರಾಸ್ ಸೈನ್ಯದ ಒಂದು ಪಡೆಗೆ 1903ರಲ್ಲಿ 71ನೇ ಕೂರ್ಗ್ ರೈಫಲ್ಸ್ ಅನ್ನುವ ಹೆಸರು ಬಂತು. 1904ರಲ್ಲೇ ಅದನ್ನು ವಿಸರ್ಜಿಸಿದರು. ಆಮೇಲೆ ಕೊಡಗಿನ ಹೆಸರಲ್ಲಿ ಕಾಲಾಳು ಪಡೆ ಕಟ್ಟಿದ್ದು 1942ರಲ್ಲಿ. 1946ರಲ್ಲಿ ಅದನ್ನು ಫಿರಂಗಿ ದಳಕ್ಕೆ ಬದಲಾಯಿಸಿದರು. ಈಗ ಯೋಚನೆ ಮಾಡಿ. ನಿಮ್ಮ ಮುತ್ತಜ್ಜ 1916ರಲ್ಲಿ ಮೆಸಪಟೋಮಿಯಕ್ಕೆ, ಅಂದರೆ ಈಗಿನ ಇರಾಕಿನ ಕಡೆಗೆ ಹೋಗಿದ್ದರೆ, ಅವರು ಸೇರಬಹುದಾದ ಕೂರ್ಗ್ ರೆಜಿಮೆಂಟು ಆಗ ಇರಲೇ ಇಲ್ಲ. ಅವರು ಬೇರೆ ಯಾವುದೋ ಪಡೆಯ ಹೆಸರು ಹೊತ್ತು ಹೋಗಿದ್ದಾರೆ. ಆ ಹೆಸರೇ ನಮಗೆ ಬೇಕಾಗಿರುವುದು.

ಇನ್ನು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು. ಅವರು ಮೊದಲು ಸೇರಿದ್ದು 88ನೇ ಕರ್ನಾಟಿಕ್ ಇನ್‌ಫೆಂಟ್ರಿಗೆ. ಅಲ್ಲಿಂದ 125ನೇ ನೇಪಿಯರ್ಸ್ ರೈಫಲ್ಸ್, ಆಮೇಲೆ ಡೋಗ್ರಾ, ಕೊನೆಗೆ ರಜಪೂತ್ ರೆಜಿಮೆಂಟು. ಹಾಗಾದರೆ "ಜೊತೆಗಿದ್ದರು" ಅಂದರೆ ಎಲ್ಲಿ, ಯಾವ ವರ್ಷ? ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರದ್ದು 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್. 1945ರಲ್ಲಿ ಆ ರೆಜಿಮೆಂಟಿಗೆ ಕುಮಾವೂಂ ಅಂತ ಹೆಸರಾಯಿತು. ಅದೇ ಪಡೆಯ 1940ರ ಫೋಟೊದಲ್ಲಿ ಒಂದು ಹೆಸರು, 1946ರ ಫೋಟೊದಲ್ಲಿ ಇನ್ನೊಂದು. ಅದಕ್ಕೇ ಫೋಟೊ ಯಾವ ಕಾಲದ್ದು ಅಂತ ತಿಳಿಯದೆ ರೆಜಿಮೆಂಟು ಹೇಳಲು ಹೋಗಬೇಡಿ.

ಕಾಲ ತಿಳಿಯಲು ದಾರಿಗಳಿವೆ. ಟೋಪಿಯ ಬ್ಯಾಡ್ಜು ಮತ್ತು ಗುಂಡಿ ನೋಡಿ. ಕಿರೀಟ ಇದ್ದರೆ ಅದು ಬ್ರಿಟಿಷರ ಕಾಲದಿಂದ ಬಂದ ಬ್ಯಾಡ್ಜು. 1950ರಲ್ಲಿ ಗಣರಾಜ್ಯವಾದ ಮೇಲೆ ಆ ಜಾಗಕ್ಕೆ ಅಶೋಕನ ಸಿಂಹ ಬಂತು. ಆಮೇಲೆ ಭುಜ. ಭುಜಪಟ್ಟಿಯ ತುದಿಯಲ್ಲಿ ಹಿತ್ತಾಳೆಯ ಸಣ್ಣ ಅಕ್ಷರ, ಅಂಕಿ ಇರುತ್ತವೆ. ಇಡೀ ಫೋಟೊದಲ್ಲಿ ಅದಕ್ಕಿಂತ ಬೆಲೆಬಾಳುವ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿ 88, 125ರಂಥ ದೊಡ್ಡ ಅಂಕಿ ಕಂಡರೆ ಅದು ಬಹುತೇಕ 1922ಕ್ಕಿಂತ ಹಿಂದಿನದು. ಆ ವರ್ಷ ಹಳೆಯ ಪಡೆಗಳನ್ನು ಒಟ್ಟುಗೂಡಿಸಿ ಕಾಲಾಳು ರೆಜಿಮೆಂಟುಗಳಿಗೆ ಹೊಸದಾಗಿ ಸಣ್ಣ ಅಂಕಿ ಕೊಟ್ಟರು. ತೋಳಿನ ಮೇಲಿನ ಪಟ್ಟಿಗಳು ದರ್ಜೆ ಮಾತ್ರ ಹೇಳುತ್ತವೆ. ಮೂರಿದ್ದರೆ ಹವಾಲ್ದಾರ್, ಎರಡಿದ್ದರೆ ನಾಯಕ್. ರೆಜಿಮೆಂಟನ್ನು ಅವು ಹೇಳುವುದಿಲ್ಲ.

ಈಗ ನನಗೆ ನಿಜಕ್ಕೂ ಸಂಕಟವಾಗುವ ವಿಷಯ. ಹಳೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು, ಎಐ ಆ್ಯಪ್‌ಗೆ ಹಾಕಿ, ಬಣ್ಣ ತುಂಬಿಸಿ, ಮುಖ ಚೊಕ್ಕ ಮಾಡಿ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸುತ್ತಾರೆ. ಮುಖ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಭುಜದ ಮೇಲಿನ ಅಕ್ಷರ ಏನಾಗುತ್ತದೆ? ಮಸುಕಾಗಿರುವುದನ್ನು ಆ ಆ್ಯಪ್ ಓದುವುದಿಲ್ಲ, ಊಹಿಸಿ ಬರೆಯುತ್ತದೆ. ಅಂಕಿಯಲ್ಲದ್ದು ಅಂಕಿಯಾಗುತ್ತದೆ, ಬ್ಯಾಡ್ಜು ಬೇರೆಯೇ ಆಕಾರಕ್ಕೆ ಬರುತ್ತದೆ. ಪದಕದ ರಿಬ್ಬನ್ನಿನ ಬಣ್ಣವಂತೂ ಪೂರ್ತಿ ಊಹೆ. ಹಳೆಯ ಫಿಲ್ಮುಗಳಲ್ಲಿ ಹಲವು ಕೆಂಪನ್ನು ಕಪ್ಪಾಗಿ, ನೀಲಿಯನ್ನು ಬಿಳಿಚಿಕೊಂಡಂತೆ ತೋರಿಸುತ್ತಿದ್ದವು. ಬರೀ ಛಾಯೆ ನೋಡಿ ಬಣ್ಣ ಹೇಳಲು ಆಗುವುದಿಲ್ಲ. ಹತ್ತು ವರ್ಷದ ನಂತರ ಮೊಮ್ಮಕ್ಕಳ ಕೈಯಲ್ಲಿ ಆ ಬಣ್ಣದ ಫೋಟೊ ಒಂದೇ ಉಳಿದರೆ, ಅವರು ನೋಡುವುದು ಯಾರೂ ತೊಡದ ಸಮವಸ್ತ್ರವನ್ನು. ಬಣ್ಣ ಬೇಕಿದ್ದರೆ ತುಂಬಿಸಿಕೊಳ್ಳಿ. ಆದರೆ ಮೊದಲು ಮೂಲ ಫೋಟೊವನ್ನು ಇದ್ದ ಹಾಗೇ 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.

ಚೌಕಟ್ಟು ಬಿಚ್ಚುವಾಗ ಹುಷಾರು. ನಮ್ಮ ಮಳೆಗಾಲದ ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಂಡಿರುತ್ತದೆ. ಎಳೆದರೆ ಮೇಲ್ಪದರವೇ ಕಿತ್ತು ಬರುತ್ತದೆ. ಅಂಟಿದ್ದರೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಬಿಡಿಸಿಕೊಂಡು ಬಂದರೆ ಹಿಂಬದಿಯನ್ನೂ ಮರೆಯಬೇಡಿ. ಸ್ಟುಡಿಯೊದ ಮೊಹರು ಇದ್ದರೆ ಊರು ಗೊತ್ತಾಗುತ್ತದೆ. ಅದು ದಂಡಿನ ಊರಾದರೆ, ಅಂದರೆ ಸೈನ್ಯ ಬೀಡುಬಿಟ್ಟಿದ್ದ ಊರಾದರೆ, ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.

ಕೆಲವು ಫೋಟೊಗಳಲ್ಲಿ ಸಮವಸ್ತ್ರವೇ ಇರುವುದಿಲ್ಲ. ಕೊಡವರ ಉದ್ದ ಅಂಗಿ ಮತ್ತು ಸೊಂಟಪಟ್ಟಿಯಾದ ಕುಪ್ಯಚೇಲೆ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ, ಎದೆಯ ಮೇಲೆ ಪದಕಗಳ ಸಾಲು. ನಿವೃತ್ತಿಯಾದ ಮೇಲೆ ತೆಗೆಸಿದ್ದು. ಹಾಗಿದ್ದರೆ ಆ ಪದಕಗಳು ಮನೆಯಲ್ಲಿ ಎಲ್ಲಿವೆ ಹುಡುಕಿ. ಮೊದಲ ಮಹಾಯುದ್ಧದ ದುಂಡು ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ದರ್ಜೆ, ಹೆಸರು, ಪಡೆ ಎಲ್ಲವನ್ನೂ ಒತ್ತಿರುತ್ತಾರೆ. 1914-15ರ ನಕ್ಷತ್ರ ಪದಕದಲ್ಲಾದರೆ ಹಿಂಬದಿಯಲ್ಲಿ. ಹೊಳೆಯಲಿ ಅಂತ ಜಾಸ್ತಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ.

ಟ್ರಂಕಿನಲ್ಲಿ ಪಿಂಚಣಿ ಕಾಗದ, ಡಿಸ್ಚಾರ್ಜ್ ಪುಸ್ತಕ ಇದ್ದರೆ ಅದು ಫೋಟೊಗಿಂತ ದೊಡ್ಡ ಸಾಕ್ಷಿ. ಅಲ್ಲಿರುವ ಸೈನಿಕ ನಂಬರು ಹಿಡಿದು ಆ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬಹುದು. ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲ್ಲಿಂಗ್ಟನ್, ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಫಿರಂಗಿ ದಳಕ್ಕೆ ನಾಸಿಕ್. ಬರೆಯುವಾಗ ಮನೆ ಹೆಸರು, ತಂದೆಯ ಹೆಸರು, ಊರು ಎಲ್ಲ ಸೇರಿಸಿ. ಬರೀ ಮುತ್ತಣ್ಣ, ಪೊನ್ನಪ್ಪ, ಸುಬ್ಬಯ್ಯ ಅಂದರೆ ಎಷ್ಟು ಜನ! ಇಂಗ್ಲಿಷಿನಲ್ಲಿ ಬರೆದ ರೀತಿಯೂ ಕಾಗದದಿಂದ ಕಾಗದಕ್ಕೆ ಬೇರೆ ಇರುತ್ತದೆ. ಎಲ್ಲ ರೂಪಗಳನ್ನೂ ಕೊಡಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಪುಕ್ಕಟೆ ಹುಡುಕಬಹುದು, ಆದರೆ ಅಲ್ಲಿರುವುದು ತೀರಿಹೋದವರ ಹೆಸರು ಮಾತ್ರ. ಅಜ್ಜ ಮನೆಗೆ ಮರಳಿ ಬಂದವರಾದರೆ ಅಲ್ಲಿ ಸಿಗುವುದಿಲ್ಲ.

ಹುಡುಕಿದ ಮೇಲೆ ಗೊತ್ತಾಗಬಹುದು, ಅಜ್ಜ ಬಂದೂಕು ಹಿಡಿದವರಲ್ಲ ಅಂತ. ಹೇಸರಗತ್ತೆಗಳ ಮೇಲೆ ರೇಷನ್ ಸಾಗಿಸಿದವರು, ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ಎತ್ತಿದವರು, ಸಿಗ್ನಲ್ಸ್‌ನಲ್ಲಿ ತಂತಿ ಎಳೆದವರು, ಲಾರಿ ಓಡಿಸಿದವರು. ಅದನ್ನು ಕೇಳಿ ಮನೆಯವರ ಮುಖ ಸಪ್ಪಗಾದರೆ ನನಗೆ ಬೇಜಾರಾಗುತ್ತದೆ. ಬರ್ಮಾದ ಕೆಸರಿನಲ್ಲಿ ಅನ್ನ, ಮದ್ದುಗುಂಡು ಮುಟ್ಟಿಸಿದವರಿಲ್ಲದೆ ಯಾವ ರೆಜಿಮೆಂಟು ತಾನೇ ನಿಲ್ಲುತ್ತಿತ್ತು? ಅವರು ನಿಜವಾಗಿ ಮಾಡಿದ ಕೆಲಸವನ್ನು ಅವರ ಹೆಸರಿನ ಮುಂದೆ ಬರೆಯುವುದು ನಮ್ಮ ಕರ್ತವ್ಯ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಕೈಲ್‌ಪೊಳ್ದ್‌ಗೋ ಪುತ್ತರಿಗೋ ನಮ್ಮ ಹಬ್ಬಗಳಿಗೆ ಎಲ್ಲರೂ ಊರಿಗೆ ಬಂದಿರುತ್ತಾರಲ್ವಾ, ಆಗ ಫೋಟೊ ಕೆಳಗಿಳಿಸಿ. ಮನೆಯ ಹಿರಿಯ ಹೆಂಗಸರನ್ನು ಮೊದಲು ಕೇಳಿ, ಕಾಗದ ಯಾವ ಊರಿನಿಂದ ಬರುತ್ತಿತ್ತು ಅನ್ನುವುದು ಅವರಿಗೆ ನೆನಪಿರಬಹುದು. ಗೊತ್ತಾದದ್ದನ್ನು ಒಂದು ಬೇರೆ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬರೆದು ಚೌಕಟ್ಟಿನ ಹಿಂದೆ ಇಡಿ. ಯಾರು ಹೇಳಿದ್ದು, ಯಾವುದನ್ನು ಕಣ್ಣಾರೆ ನೋಡಿದ್ದು, ಯಾವುದು ಬರೀ ಊಹೆ, ಎಲ್ಲವನ್ನೂ ಬಿಡಿಸಿ ಬರೆಯಿರಿ.