ಹಳೆಯ ಸಿಕ್ ಲೀವ್, ಹೊಸ ಕೆಲಸ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಕೆಲಸ ಹುಡುಕುತ್ತಿರುವವರಿಗೆ. ಅದರಲ್ಲೂ ಖಿನ್ನತೆ, ಆತಂಕ, ನಿದ್ದೆ ಬಾರದ ತೊಂದರೆ ಅಂತ ಹಳೆಯ ಕಂಪನಿಯಲ್ಲಿ ಒಂದೆರಡು ತಿಂಗಳು ಸಿಕ್ ಲೀವ್ ಹಾಕಿ, ಚಿಕಿತ್ಸೆ ಪಡೆದು, ಈಗ ಹೊಸ ಕಡೆ ಇಂಟರ್‌ವ್ಯೂಗೆ ಹೊರಟವರಿಗೆ. ಪೀಣ್ಯದ ಕಾರ್ಖಾನೆಗಳಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ವಿಭಾಗದಲ್ಲೇ ನಾನು ನೌಕರಿ ಮುಗಿಸಿದವನು. ನಿವೃತ್ತಿಯಾದ ಮೇಲೂ ಜನ ನನ್ನನ್ನು ಕೇಳುತ್ತಾರೆ: "ಸಾರ್, ಆ ರಜೆ ವಿಷಯ ಹೇಳಬೇಕಾ, ಮುಚ್ಚಿಡಬೇಕಾ?"

ಉತ್ತರ ಇಷ್ಟೇ. ಕೇಳದೆ ಹೇಳಬೇಡಿ. ಕೇಳಿದರೆ ಸುಳ್ಳು ಹೇಳಬೇಡಿ.

ಎಷ್ಟೋ ಜನರಿಗೆ ಕೆಲಸ ಬಿಡುವಾಗ ಹಳೆಯ ಕಂಪನಿ ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಎಲ್ಲಾ ಬಂದುಬಿಡುತ್ತದೆ ಅನ್ನೋ ಭಯ. ಸಾಮಾನ್ಯವಾಗಿ ಏನೂ ಬರುವುದಿಲ್ಲ. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಅಷ್ಟೇ. ರಜೆಯಲ್ಲಿದ್ದಾಗಲೂ ನೀವು ಆ ಕಂಪನಿಯ ನೌಕರರೇ ಅಲ್ವಾ? ಬಯೋಡೇಟಾದಲ್ಲಿ ಗ್ಯಾಪ್ ಎಲ್ಲಿಂದ ಬಂತು? ಗೊತ್ತಾಗುವುದಿದ್ದರೆ ಸಂಬಳದ ಚೀಟಿಯಿಂದ. ಹೊಸ ಕಂಪನಿಯವರು ಸಾಮಾನ್ಯವಾಗಿ ಕೊನೆಯ 3 ತಿಂಗಳ ಪೇ ಸ್ಲಿಪ್ ಕೇಳುತ್ತಾರೆ. ಅದರಲ್ಲಿ ಲಾಸ್ ಆಫ್ ಪೇ, ಅಂದರೆ ರಜೆಗೆ ಸಂಬಳ ಕಡಿತ, ಅಂತ ಇದ್ದರೆ, "ಯಾಕಪ್ಪಾ?" ಅಂತ ಕೇಳೇ ಕೇಳುತ್ತಾರೆ. ಆಗ ಎರಡು ವಾಕ್ಯ ಸಾಕು. "ಆರೋಗ್ಯದ ತೊಂದರೆಗೆ ರಜೆಯಲ್ಲಿದ್ದೆ. ಚಿಕಿತ್ಸೆ ಆಗಿದೆ, ಈಗ ಕೆಲಸಕ್ಕೆ ಅಡ್ಡಿ ಇಲ್ಲ." ಇಷ್ಟು ಹೇಳಿ ಬಾಯಿ ಮುಚ್ಚಿ. ಕಥೆ ಶುರು ಮಾಡಬೇಡಿ. ಕಾಯಿಲೆಯ ಹೆಸರು ಬದಲಿಸಲೂ ಬೇಡಿ.

ಹೆಸರು ಬದಲಿಸಿದರೆ ಏನಾಗುತ್ತದೆ ಅಂತ ಹೇಳುತ್ತೇನೆ ಕೇಳಿ. ನಮ್ಮ ಪಕ್ಕದ ಬೀದಿಯ ಹುಡುಗ. ಖಿನ್ನತೆ ಆಗಿತ್ತು, ರಜೆ ಹಾಕಿದ್ದ, ವಾಸಿಯಾಗಿತ್ತು. ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಕರೆ ಬಂತು. ಅವನ ಸೋದರಮಾವ ಬುದ್ಧಿ ಹೇಳಿದರು. "ತಲೆ ವಿಷಯ ಎತ್ತಬೇಡ, ಜಾಂಡೀಸ್ ಆಗಿತ್ತು ಅಂದುಬಿಡು." ಇವನು ಹಾಗೇ ಅಂದ. ಸಂದರ್ಶನ ಮಾಡುತ್ತಿದ್ದ ಮ್ಯಾನೇಜರ್ ಮಲೆನಾಡಿನವರು. ಅವರ ಮನೆಯಲ್ಲಿ ತಲೆಮಾರಿನಿಂದ ಕಾಮಾಲೆಗೆ ಔಷಧಿ ಕೊಡುತ್ತಾರಂತೆ! ಲೆಕ್ಕಪತ್ರ, ಶಿಫ್ಟು ಎಲ್ಲಾ ಪಕ್ಕಕ್ಕಿಟ್ಟು ಅವರು ಹಿಡಿದೇ ಬಿಟ್ಟರು. "ಔಷಧಿ ಎಲ್ಲಿ ತಗೊಂಡ್ರಿ? ನೆಲನೆಲ್ಲಿ ಕೊಟ್ರಾ? ಪಥ್ಯ ಹೇಗಿತ್ತು?" ಹುಡುಗನಿಗೆ ಪಥ್ಯದ ಗಂಧವೇ ಇಲ್ಲ. "ಏನಿಲ್ಲ ಸಾರ್, ಬಜ್ಜಿ ಬೋಂಡಾ ಎಲ್ಲಾ ತಿಂತಿದ್ದೆ" ಅಂದ. ಮ್ಯಾನೇಜರ್ ಮುಖ ನೋಡಬೇಕಿತ್ತಂತೆ.

ಆದರೂ ಆಯ್ಕೆಯಾದ. ಆಮೇಲೆ ಮೆಡಿಕಲ್ ಚೆಕಪ್. ಆಹಾರ ತಯಾರಿಸುವ ಜಾಗ ನೋಡಿ, ಕಾಮಾಲೆ ಅಂದರೆ ಡಾಕ್ಟರು ಸುಮ್ನೆ ಬಿಡುತ್ತಾರಾ? ಹೆಪಟೈಟಿಸ್ ಪರೀಕ್ಷೆ ಮಾಡಿಸಿಕೊಂಡು ಬಾ, ಅಲ್ಲಿವರೆಗೆ ಫಿಟ್‌ನೆಸ್ ಇಲ್ಲ ಅಂದರು. ಇದ್ದ ಕಾಯಿಲೆಯಿಂದ ಕೆಲಸ ನಿಲ್ಲಲಿಲ್ಲ, ಇಲ್ಲದ ಕಾಯಿಲೆಯಿಂದ ನಿಂತಿತು! ಅಳುತ್ತಾ ನನ್ನ ಹತ್ತಿರ ಬಂದ. ನೇರವಾಗಿ ಹೋಗಿ ಆ ಡಾಕ್ಟರಿಗೆ ನಿಜ ಹೇಳು ಅಂದೆ. ಹೇಳಿದ. ಚಿಕಿತ್ಸೆ ಕೊಟ್ಟ ವೈದ್ಯರಿಂದ "ಕೆಲಸಕ್ಕೆ ಯೋಗ್ಯ" ಅಂತ ಒಂದು ಸರ್ಟಿಫಿಕೇಟ್ ತರಿಸಿಕೊಂಡು, ಚೆಕಪ್ ಮಾಡಿದ ಡಾಕ್ಟರು ಸಹಿ ಹಾಕಿದರು. ಮ್ಯಾನೇಜರ್ ಮಾತ್ರ ಈಗಲೂ ಬಜ್ಜಿ ವಿಷಯ ಎತ್ತುತ್ತಾರಂತೆ.

ಅಯ್ಯೋ, ಇದರಲ್ಲೇ ಸಮಯ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಬಾಯಿಮಾತು ಬೇರೆ, ಫಾರಂ ಬೇರೆ. ಮೆಡಿಕಲ್ ಫಾರಂನಲ್ಲಿ ಹಿಂದಿನ ಕಾಯಿಲೆ, ಈಗಿನ ಮಾತ್ರೆ ಅಂತ ಕೇಳಿದ್ದರೆ ನಿಜವನ್ನೇ ಬರೆಯಿರಿ. ಸುಳ್ಳು ಮಾಹಿತಿ ಕೊಟ್ಟರೆ ಕೆಲಸದಿಂದ ತೆಗೆಯಬಹುದು ಅಂತ ಎಷ್ಟೋ ನೇಮಕಾತಿ ಪತ್ರಗಳಲ್ಲೇ ಇರುತ್ತದೆ, ಓದುವುದಿಲ್ಲ ನಾವು. ಪೊಲೀಸ್, ಸೇನೆ, ರೈಲು ಓಡಿಸುವುದು, ವಿಮಾನ ಹಾರಿಸುವುದು, ಇಂಥ ಕೆಲಸಗಳ ವೈದ್ಯಕೀಯ ಪರೀಕ್ಷೆಯಲ್ಲಂತೂ ಏನೂ ಮುಚ್ಚಿಡಬೇಡಿ. ನೀವೇ ಮಾಡಿಸುವ ಆರೋಗ್ಯ ವಿಮೆಯ ಫಾರಂಗೂ ಇದೇ ಮಾತು.

ಚಿಕಿತ್ಸೆ ಕೊಟ್ಟ ಡಾಕ್ಟರೇ ಕಂಪನಿಗೆ ಹೇಳಿಬಿಟ್ಟರೆ? ನಿಮ್ಮ ಒಪ್ಪಿಗೆ ಇಲ್ಲದೆ ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರುವುದು ನಿಮ್ಮ ಹಕ್ಕು. ಫಿಟ್‌ನೆಸ್ ಸರ್ಟಿಫಿಕೇಟ್ ಬರೆಸುವಾಗ, ಕಾಯಿಲೆಯ ಹೆಸರು ಬೇಡ, ಕೆಲಸ ಮಾಡಬಲ್ಲರು ಅಂತಷ್ಟೇ ಬರೆಯಿರಿ ಎಂದು ಕೇಳಿ. ನಾಚಿಕೆ ಬೇಡ.

ನಿಮಗೇ ಏನಾದರೂ ಬೇಕಿದ್ದರೆ ಮಾತು ಬೇರೆ. ರಾತ್ರಿ ಪಾಳಿ ಆಗದು, ತಿಂಗಳಿಗೊಮ್ಮೆ ನಿಮ್ಹಾನ್ಸ್‌ಗೆ ಹೋಗಬೇಕು, ಇಂಥದ್ದಿದ್ದರೆ ಆಫರ್ ಲೆಟರ್ ಕೈಗೆ ಬಂದ ಮೇಲೆ ಎಚ್‌ಆರ್‌ಗೆ ಈಮೇಲ್‌ನಲ್ಲಿ ಬರೆಯಿರಿ. ಬೇಕಾದದ್ದನ್ನು ಕೇಳಿ, ಪುರಾಣ ಬೇಡ.

ಸೋದರಮಾವಂದಿರಿಗೂ ಒಂದು ಮಾತು. ದಯವಿಟ್ಟು ಮಕ್ಕಳಿಗೆ ಸುಳ್ಳು ಹೇಳಿಕೊಡಬೇಡಿ ಸ್ವಾಮಿ. ಕೇಳದೆ ಹೇಳಬೇಡ, ಕೇಳಿದರೆ ಸುಳ್ಳು ಬೇಡ, ಇಷ್ಟು ಹೇಳಿಕೊಡಿ. ಇಂಟರ್‌ವ್ಯೂ ಹಿಂದಿನ ರಾತ್ರಿ ಎದೆ ಡವಡವ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಂದು ಸಲ ಹೇಳುತ್ತೇನೆ, 14416. ನಮಸ್ಕಾರ.